ಮೊದಲು ಕತ್ತಲೆ, ಆಮೇಲೆ ಪ್ರೊಜೆಕ್ಟರ್

ಹತ್ತು ಸಾವಿರ ರೂಪಾಯಿಗೆ ನೂರು ಇಂಚಿನ ಸ್ಕ್ರೀನ್! ಈ ಜಾಹೀರಾತು ನಿಮ್ಮ ಮೊಬೈಲ್‌ಗೂ ಬಂದಿರುತ್ತೆ ವೀಕ್ಷಕರೇ. ಗೋಡೆ ತುಂಬಾ ಸಿನಿಮಾ, ಸೋಫಾ ಮೇಲೆ ನಗ್ತಾ ಕೂತ ಅಪ್ಪ, ಅಮ್ಮ, ಎರಡು ಮಕ್ಕಳು. ಕಿಟಕಿಯಲ್ಲಿ ಬಿಸಿಲು. ಆ ಫೋಟೋನ ಇನ್ನೊಂದು ಸಲ ಸರಿಯಾಗಿ ನೋಡಿ. ಕಿಟಕಿಯಲ್ಲಿ ಅಷ್ಟು ಬಿಸಿಲಿದ್ದರೆ ಗೋಡೆ ಮೇಲಿನ ಸಿನಿಮಾ ಅಷ್ಟು ಚೆನ್ನಾಗಿ ಕಾಣೋಕೆ ಸಾಧ್ಯವೇ ಇಲ್ಲ. ಫೋಟೋದಲ್ಲೇ ಸುಳ್ಳಿದೆ ಅಂದಮೇಲೆ ಡಬ್ಬಿಯೊಳಗೆ ಏನಿರಬಹುದು?

ಹಾಗಂತ ಆಸೆ ತಪ್ಪಾ? ಖಂಡಿತ ಅಲ್ಲ. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸ್‌ಗೆ ಹೋಗಿ ಬರೋದು ಇವತ್ತು ತಿಂಗಳ ಬಜೆಟ್‌ನ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕ್ತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಡ್ತು. ಟಿಕೆಟ್ ಹೇಗೋ ಇರಲಿ, ಪಾಪ್‌ಕಾರ್ನ್‌ಗೆ ಮಿತಿ ಹಾಕೋರು ಯಾರು? ಪಾರ್ಕಿಂಗ್‌ಗೆ? ಮನೆಯಲ್ಲೇ ಒಂದು ಸಣ್ಣ ಟಾಕೀಸ್ ಮಾಡ್ಕೊಂಡ್ರೆ ಹೇಗೆ ಅನ್ನೋ ಯೋಚನೆ ಬರೋದು ಸಹಜ. ಅದು ಆಗುವ ಕೆಲಸವೇ. 25 ಸಾವಿರದೊಳಗೆ, ಹಳೇ ಪ್ರೊಜೆಕ್ಟರ್ ಇಟ್ಟುಕೊಂಡೇ ಆಗುತ್ತೆ. ಆದರೆ ಅಂಗಡಿಯವನು ಹೇಳದ ಒಂದು ಲೆಕ್ಕ ನಿಮಗೆ ಗೊತ್ತಿರಬೇಕು.

ಟೆಂಟ್‌ನಲ್ಲಿ ಮಧ್ಯಾಹ್ನದ ಶೋ ಯಾಕಿರಲಿಲ್ಲ?

ಹಳ್ಳಿ ಕಡೆಯ ಹಿರಿಯರನ್ನ ಕೇಳಿ. ಟೂರಿಂಗ್ ಟಾಕೀಸ್ ಕಾಲದಲ್ಲಿ ಫಸ್ಟ್ ಶೋ, ಸೆಕೆಂಡ್ ಶೋ ಅಂತ ಇರ್ತಿತ್ತು. ಎರಡೂ ರಾತ್ರಿಯೇ. ಹೊತ್ತು ಮುಳುಗಿದ ಮೇಲೆ ಮೈಕ್‌ನಲ್ಲಿ ದೇವರ ಹಾಡು, ಆಮೇಲೆ ಸಿನಿಮಾ. ಬೆಳಗಿನ ಆಟ, ಮ್ಯಾಟಿನಿ ಎಲ್ಲ ಪಟ್ಟಣದ ಗೋಡೆ ಕಟ್ಟಿದ ಥಿಯೇಟರ್‌ಗಳಿಗೆ. ಯಾಕೆ? ಟೆಂಟ್ ಬಟ್ಟೆಯೊಳಗೆ ಹಗಲು ಬೆಳಕು ನುಗ್ಗುತ್ತೆ. ಪರದೆ ಮೇಲೆ ಏನೂ ಕಾಣಲ್ಲ.

ಆ ಟೆಂಟ್ ಮಾಲೀಕನಿಗೆ ಗೊತ್ತಿದ್ದ ಸತ್ಯ ಇವತ್ತಿನ ಆನ್‌ಲೈನ್ ಗ್ರಾಹಕನಿಗೆ ಗೊತ್ತಿಲ್ಲ. ಟಿವಿ ಕಪ್ಪು ಬಣ್ಣ ತೋರಿಸುತ್ತೆ, ಯಾಕಂದ್ರೆ ಅದರ ಗಾಜೇ ಕಪ್ಪು. ಪ್ರೊಜೆಕ್ಟರ್ ಕಪ್ಪು ಬಣ್ಣವನ್ನ ಎಸೆಯೋಕಾಗಲ್ಲ. ಅದು ಬೆಳಕನ್ನ ಮಾತ್ರ ಎಸೆಯುತ್ತೆ. ಹಾಗಾದ್ರೆ ಸಿನಿಮಾದಲ್ಲಿ ಹೀರೋ ಕೂದಲು ಕಪ್ಪಗೆ ಕಾಣೋದು ಹೇಗೆ? ಅಲ್ಲಿ ಬೆಳಕು ಬೀಳ್ತಿಲ್ಲ, ನಿಮ್ಮ ಗೋಡೆ ಹೇಗಿದೆಯೋ ಹಾಗೇ ಕಾಣ್ತಿದೆ, ಅಷ್ಟೆ. ಗೋಡೆ ಮೇಲೆ ಟ್ಯೂಬ್‌ಲೈಟ್ ಬೆಳಕಿದ್ದರೆ ಹೀರೋ ಕೂದಲು ಬೂದು ಬಣ್ಣ.

ಈಗ ಲೆಕ್ಕಕ್ಕೆ ಬನ್ನಿ. ಗಾಬರಿಯಾಗಬೇಡಿ, ಕೂಡೋದು ಕಳೆಯೋದು ಬಂದರೆ ಸಾಕು.

ಪ್ರೊಜೆಕ್ಟರ್ ಬೆಳಕನ್ನ ಲುಮೆನ್ಸ್‌ನಲ್ಲಿ ಅಳೀತಾರೆ. ಒಂದು ಚದರ ಅಡಿ ಬಿಳಿ ಪರದೆ ಮೇಲೆ ಒಂದು ಲುಮೆನ್ ಬಿದ್ದರೆ ಅದು ಹೆಚ್ಚುಕಡಿಮೆ ಒಂದು ಫುಟ್ ಲ್ಯಾಂಬರ್ಟ್. ಡಿಜಿಟಲ್ ಸಿನಿಮಾ ಥಿಯೇಟರ್‌ಗಳಿಗೆ ಇರುವ ಮಾನದಂಡ 14 ಫುಟ್ ಲ್ಯಾಂಬರ್ಟ್. ನೂರು ಇಂಚಿನ ಅಗಲ ಪರದೆ ಅಂದರೆ ಏಳೂಕಾಲು ಅಡಿ ಅಗಲ, ನಾಲ್ಕು ಅಡಿ ಎತ್ತರ. ಸುಮಾರು 30 ಚದರ ಅಡಿ. 30ನ್ನ 14ರಿಂದ ಗುಣಿಸಿ. 420. ಅಂದರೆ ಪೂರ್ತಿ ಕತ್ತಲೆ ಕೋಣೆಯಲ್ಲಿ ಥಿಯೇಟರ್‌ನಷ್ಟೇ ಬೆಳಕಿನ ಚಿತ್ರಕ್ಕೆ ನಿಮಗೆ ಬೇಕಾಗಿರೋದು 420 ಲುಮೆನ್ಸ್.

ಈಗ ಒಂದು ಹಳೇ ಆಫೀಸ್ ಪ್ರೊಜೆಕ್ಟರ್ ತಗೊಳ್ಳಿ. ಹೊಸದಿದ್ದಾಗ 3000 ಲುಮೆನ್ಸ್. ಲ್ಯಾಂಪ್ ಸವೆದು ಅರ್ಧಕ್ಕೆ ಬಂದಿದೆ ಅಂದುಕೊಳ್ಳೋಣ, 1500. ಆಫೀಸ್ ಪ್ರೊಜೆಕ್ಟರ್‌ನ ಚಿತ್ರ ಸಾಮಾನ್ಯವಾಗಿ ಹಳೇ ಟಿವಿ ಆಕಾರದ್ದು, ಸಿನಿಮಾ ಅಗಲ ಆಕಾರದ್ದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಕಾಲುಭಾಗ ಬೆಳಕು ಹೋಯ್ತು. ಉಳಿದದ್ದು 1125. ಬಣ್ಣ ಸರಿಯಾಗಿ ಬರಲಿ ಅಂತ ಸಿನಿಮಾ ಮೋಡ್ ಹಾಕಿದ್ರಿ, ಇನ್ನೂ ಶೇಕಡಾ 40 ಹೋಯ್ತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 675. ಇಷ್ಟೆಲ್ಲ ಕಳೆದುಕೊಂಡ ಮೇಲೂ ನಿಮಗೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಜಾಸ್ತಿ ಇದೆ! ಪರದೆ ಮೇಲೆ 22 ಫುಟ್ ಲ್ಯಾಂಬರ್ಟ್.

ಈಗ ಅದೇ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿ. ಗೋಡೆ ಮೇಲೆ 100 ಲಕ್ಸ್ ಬೆಳಕು ಬಿದ್ದರೂ ಅದು 9 ಫುಟ್ ಲ್ಯಾಂಬರ್ಟ್ ಆಗುತ್ತೆ. ಅಂದರೆ ನಿಮ್ಮ ಕಪ್ಪು ಬಣ್ಣವೇ 9. ಬಿಳಿ 9 ಮತ್ತು 22 ಸೇರಿ 31. ಕಪ್ಪಿಗೂ ಬಿಳಿಗೂ ಇರೋ ವ್ಯತ್ಯಾಸ ಮೂರೂವರೆ ಪಟ್ಟು ಮಾತ್ರ. ಚಿತ್ರ ತೊಳೆದ ಬಟ್ಟೆ ಹಾಗೆ ಕಾಣುತ್ತೆ. ಇದನ್ನ ಸರಿಮಾಡೋಕೆ ನೀವು ಎರಡರಷ್ಟು ಬೆಳಕಿನ ಪ್ರೊಜೆಕ್ಟರ್ ತಂದ್ರಿ ಅಂತಿಟ್ಕೊಳ್ಳಿ. ವ್ಯತ್ಯಾಸ ಆರು ಪಟ್ಟು ಆಗುತ್ತೆ, ಅಷ್ಟೆ. ಅದರ ಬದಲು ಟ್ಯೂಬ್‌ಲೈಟ್ ಆರಿಸಿ. ಖರ್ಚು ಸೊನ್ನೆ. ವ್ಯತ್ಯಾಸ ಹತ್ತಾರು ಪಟ್ಟು, ಕೋಣೆ ಚೆನ್ನಾಗಿ ಕತ್ತಲಾದರೆ ನೂರಾರು ಪಟ್ಟು.

ಇಡೀ ವಿಷಯ ಇಷ್ಟೇ ವೀಕ್ಷಕರೇ. ಅಂಗಡಿಯವನು ಲುಮೆನ್ಸ್ ಮಾರ್ತಾನೆ, ಯಾಕಂದ್ರೆ ಕತ್ತಲೆಗೆ ಬಿಲ್ ಹಾಕೋಕಾಗಲ್ಲ. ನೀವು ಮೊದಲು ಕತ್ತಲೆ ಮಾಡ್ಕೊಳ್ಳಿ. ಆಗ ಸುಸ್ತಾದ ಹಳೇ ಮಿಷನ್ ಕೂಡ ನಿಮಗೆ ರಾಜನ ಹಾಗೆ ಕೆಲಸ ಮಾಡುತ್ತೆ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡ್ತೀನಿ. ಬೆಳಗ್ಗೆ ಎದ್ದು ನ್ಯೂಸ್ ನೋಡೋಕೆ, ಮಧ್ಯಾಹ್ನ ಅಡುಗೆ ಮಾಡ್ತಾ ಧಾರಾವಾಹಿ ನೋಡೋಕೆ, ಹಗಲು ಟೆಸ್ಟ್ ಮ್ಯಾಚ್ ನೋಡೋಕೆ ಪ್ರೊಜೆಕ್ಟರ್ ಬೇಡ. ನನ್ನ ಮುಖ ನೂರು ಇಂಚಿನಲ್ಲಿ ನೋಡೋ ಕಷ್ಟ ನಿಮಗೂ ಬೇಡ. ಅದಕ್ಕೆ ಟಿವಿ ಇರಲಿ. ರಾತ್ರಿ ಏಳೂವರೆ ಐಪಿಎಲ್ ಮ್ಯಾಚು, ಶನಿವಾರ ರಾತ್ರಿ ಸಿನಿಮಾ, ಇದಕ್ಕೆ ಪ್ರೊಜೆಕ್ಟರ್.

ಹೊಸ ಡಬ್ಬಿಯೋ, ಹಳೇ ಮಿಷನ್ನೋ?

ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ ಹೊಸ ಪುಟ್ಟ ಎಲ್‌ಇಡಿ ಪ್ರೊಜೆಕ್ಟರ್ ಸಿಗುತ್ತಲ್ಲ, ಹಳೇದು ಯಾಕೆ ಅಂತ ಕೇಳಬಹುದು. ಆ ಡಬ್ಬಿ ಮೇಲೆ 9000 ಲುಮೆನ್ಸ್, 12000 ಲುಮೆನ್ಸ್ ಅಂತ ಬರೆದಿರ್ತಾರೆ. ದೊಡ್ಡ ಕಲ್ಯಾಣ ಮಂಟಪದಲ್ಲಿ ಹಾಕೋ ಪ್ರೊಜೆಕ್ಟರ್‌ಗೂ ಅಷ್ಟಿರಲ್ಲ. ಈ ಸಂಖ್ಯೆ ಬರೋದು ಹೇಗೆ? ಪರದೆ ಮೇಲೆ ಬೀಳೋ ಬೆಳಕನ್ನ ಅಳೆಯದೆ, ಒಳಗಿನ ಬಲ್ಬ್‌ನ ಲೆಕ್ಕ ಅಂತ ಹೇಳಿ ಬಾಯಿಗೆ ಬಂದ ಅಂಕಿ ಹಾಕ್ತಾರೆ. ನೀವು ನೋಡಬೇಕಾದ್ದು ಅನ್ಸಿ ಲುಮೆನ್ಸ್ ಅಥವಾ ಐಎಸ್‌ಒ ಲುಮೆನ್ಸ್ ಅನ್ನೋ ಪದ. ಪರದೆ ಮೇಲೆ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯೋ ಪದ್ಧತಿ ಅದು. ಆ ಪದವೇ ಇಲ್ಲದ ಡಬ್ಬಿಯ ಸಂಖ್ಯೆಯನ್ನ ನಂಬಬೇಡಿ.

ಇನ್ನೊಂದು ಪದ 'ಸಪೋರ್ಟ್ಸ್ 4ಕೆ'. ಸಪೋರ್ಟ್ ಅಂದರೆ ಆ ಸಿಗ್ನಲ್ ಒಳಗೆ ಬಿಟ್ಟುಕೊಳ್ಳುತ್ತೆ ಅಂತ, ಅಷ್ಟು ಸ್ಪಷ್ಟವಾಗಿ ತೋರಿಸುತ್ತೆ ಅಂತಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: 'ನೇಟಿವ್ ರೆಸಲ್ಯೂಷನ್ ಎಷ್ಟು?'

ಹಳೇ ಆಫೀಸ್ ಪ್ರೊಜೆಕ್ಟರ್‌ನಲ್ಲಿ ಈ ಮೋಸ ಕಡಿಮೆ. ಹೆಸರಿರುವ ಕಂಪನಿಯ ಮಿಷನ್ ಆದರೆ ಮಾಡೆಲ್ ನಂಬರ್ ಹಾಕಿ ಹುಡುಕಿದ್ರೆ ಅಸಲಿ ವಿವರ ಸಿಗುತ್ತೆ. ಈಗ ಇವು ಮಾರುಕಟ್ಟೆಗೆ ಬರ್ತಿರೋದಕ್ಕೂ ಕಾರಣ ಇದೆ. ಶಾಲೆ, ಕೋಚಿಂಗ್ ಸೆಂಟರ್, ಆಫೀಸ್‌ಗಳು ದೊಡ್ಡ ಟಚ್ ಪ್ಯಾನೆಲ್ ಹಾಕಿಸ್ತಿವೆ. ಹಳೇ ಪ್ರೊಜೆಕ್ಟರ್ ಹೊರಗೆ ಬರ್ತಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಿ, ಗೊತ್ತಾಗುತ್ತೆ.

ರೆಸಲ್ಯೂಷನ್ ಬಗ್ಗೆ ಒಂದು ಮಾತು. ಹಳೇ ಮಿಷನ್‌ಗಳಲ್ಲಿ ಮೂರ್ನಾಲ್ಕು ಬಗೆ. ಎಸ್‌ವಿಜಿಎ, 800 ಇಂಟು 600. ಇದು ಬೇಡ, ಎಷ್ಟೇ ಅಗ್ಗ ಇದ್ದರೂ ಬೇಡ. ಎಕ್ಸ್‌ಜಿಎ, 1024 ಇಂಟು 768. ಅಗಲ ಸಿನಿಮಾ ಹಾಕಿದರೆ ಇದರಲ್ಲಿ 1024 ಇಂಟು 576 ಮಾತ್ರ ಬಳಕೆ. ಹತ್ತು ಹನ್ನೆರಡು ಅಡಿ ದೂರ ಕೂತರೆ ಪರವಾಗಿಲ್ಲ. ಡಬ್ಲ್ಯುಎಕ್ಸ್‌ಜಿಎ, 1280 ಇಂಟು 800. ಸಣ್ಣ ಬಜೆಟ್‌ಗೆ ಇದೇ ಒಳ್ಳೇ ಆಯ್ಕೆ. ಫುಲ್ ಎಚ್‌ಡಿ, 1920 ಇಂಟು 1080. ಸಿಕ್ಕಿದ್ರೆ ಅದೃಷ್ಟ, ದುಡ್ಡು ಸ್ವಲ್ಪ ಜಾಸ್ತಿ ಕೊಡಬಹುದು.

ಕೊಳ್ಳೋ ಮುಂಚೆ ಹೊಸದರ ಬೆಲೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ ಮತ್ತು ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೇ ಬಿಲ್ ತೋರಿಸಿ 'ಇದು ಇಷ್ಟು ಸಾವಿರದ್ದು ಸರ್' ಅಂದರೆ, ಆ ಬಿಲ್ ಹಳೇ ತೆರಿಗೆಯದ್ದು ಅಂತ ನೆನಪಿರಲಿ.

ಅಂಗಡಿಯಲ್ಲಿ ಅರ್ಧ ಗಂಟೆ

ಹಳೇ ಬೈಕ್ ತಗೊಳ್ಳುವಾಗ ಮೀಟರ್ ನೋಡ್ತೀರಿ. ಮೀಟರ್ ತಿರುಗಿಸಿರಬಹುದು ಅಂತ ಅನುಮಾನವನ್ನೂ ಪಡ್ತೀರಿ. ಪ್ರೊಜೆಕ್ಟರ್‌ಗೂ ಮೀಟರ್ ಇದೆ. ಮೆನುವಿನಲ್ಲಿ ಇನ್‌ಫರ್ಮೇಷನ್ ಅನ್ನೋ ಕಡೆ ಹೋದರೆ ಲ್ಯಾಂಪ್ ಅವರ್ಸ್ ಕಾಣುತ್ತೆ. ಈ ಲ್ಯಾಂಪ್‌ಗಳ ಆಯಸ್ಸು ಸಾಮಾನ್ಯವಾಗಿ 2000ದಿಂದ 5000 ಗಂಟೆ. ಆಯಸ್ಸು ಅಂದರೆ ಬೆಳಕು ಅರ್ಧಕ್ಕೆ ಇಳಿಯೋ ಹೊತ್ತು. ಆಮೇಲೂ ಉರಿಯುತ್ತೆ, ಮಂಕಾಗಿ.

ಆದರೆ ಈ ಮೀಟರನ್ನ ಸೊನ್ನೆ ಮಾಡೋಕೆ ಬರುತ್ತೆ. ಹೊಸ ಲ್ಯಾಂಪ್ ಹಾಕಿದಾಗ ಸೊನ್ನೆ ಮಾಡಲಿ ಅಂತ ಕಂಪನಿಯೇ ಕೊಟ್ಟ ಸೌಲಭ್ಯ ಅದು. ಹಳೇ ಲ್ಯಾಂಪ್ ಬಿಟ್ಟು ಮೀಟರ್ ಮಾತ್ರ ಸೊನ್ನೆ ಮಾಡಿದ್ರೆ? ಅದಕ್ಕೇ, ಲ್ಯಾಂಪ್ ಅವರ್ಸ್ ಜೊತೆಗೆ ಮಿಷನ್‌ನ ಒಟ್ಟು ಗಂಟೆ ತೋರಿಸೋ ಮಾಡೆಲ್ ಆದರೆ ಎರಡನ್ನೂ ನೋಡಿ. ಒಟ್ಟು 6000 ಗಂಟೆ, ಲ್ಯಾಂಪ್ 40 ಗಂಟೆ ಅಂತಿದ್ದರೆ ಕೇಳಿ, 'ಅಣ್ಣ, ಹೊಸ ಲ್ಯಾಂಪ್ ಹಾಕಿದ್ರಾ? ಬಿಲ್ ಇದ್ಯಾ?' ಉತ್ತರ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಪರೀಕ್ಷೆಗೆ ಹೋಗುವಾಗ ನಿಮ್ಮದೇ ಲ್ಯಾಪ್‌ಟಾಪ್, ನಿಮ್ಮದೇ ಎಚ್‌ಡಿಎಂಐ ಕೇಬಲ್ ತಗೊಂಡು ಹೋಗಿ. ಐದು ಚಿತ್ರ ಸಾಕು: ಪೂರ್ತಿ ಬಿಳಿ, ಪೂರ್ತಿ ಕಪ್ಪು, ಕೆಂಪು, ಹಸಿರು, ನೀಲಿ. ಅಂಗಡಿಯ ಲೈಟ್ ಆರಿಸಿ ತೋರಿಸಿ ಅಂತ ಕೇಳಿ. ಬೇಡ ಅಂದರೆ ಮುಂದಿನ ಅಂಗಡಿಗೆ ನಡೀರಿ.

ಮಿಷನ್‌ನಲ್ಲಿ ಎರಡು ಜಾತಿ. ಒಂದು ಡಿಎಲ್‌ಪಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ತಂತ್ರಜ್ಞಾನ. ಉಗುರಿನಷ್ಟು ಚಿಪ್ ಮೇಲೆ ಲಕ್ಷಾಂತರ ಕಣ್ಣಿಗೆ ಕಾಣದ ಕನ್ನಡಿಗಳು, ಒಂದೊಂದೂ ಓಲಾಡಿ ಬೆಳಕನ್ನ ಪರದೆಗೋ ಪಕ್ಕಕ್ಕೋ ತಳ್ಳುತ್ತೆ. ಇದರ ಕಾಯಿಲೆ ಏನಂದ್ರೆ ವಯಸ್ಸಾದ ಮೇಲೆ ಕನ್ನಡಿಗಳು ಸಿಕ್ಕಿಹಾಕಿಕೊಳ್ಳುತ್ತವೆ. ಕಪ್ಪು ಚಿತ್ರ ಹಾಕಿದಾಗ ನಕ್ಷತ್ರದ ಹಾಗೆ ಬಿಳಿ ಚುಕ್ಕಿ ಕಾಣುತ್ತೆ. 'ಎರಡೇ ಚುಕ್ಕಿ ಸರ್, ಏನಾಗಲ್ಲ' ಅಂತಾರೆ. ಇವತ್ತು ಎರಡಿದ್ದದ್ದು ಕೆಲವು ತಿಂಗಳಲ್ಲಿ ಇಪ್ಪತ್ತಾಗಬಹುದು. ಚಿಪ್ಪೇ ಬದಲಾಯಿಸಬೇಕು. ಇಂಥದ್ದನ್ನ ಮುಟ್ಟಬೇಡಿ. ಇನ್ನೊಂದು ವಿಷಯ, ಈ ಜಾತಿಯಲ್ಲಿ ಕೆಲವರ ಕಣ್ಣಿಗೆ ಬಿಳಿ ಅಂಚುಗಳಲ್ಲಿ ಕಾಮನಬಿಲ್ಲಿನ ಮಿಂಚು ಕಾಣುತ್ತೆ. ಒಳಗೆ ತಿರುಗೋ ಬಣ್ಣದ ಚಕ್ರ ಅದಕ್ಕೆ ಕಾರಣ. ನಿಮಗೆ ಕಾಣುತ್ತಾ ಇಲ್ವಾ ಅಂತ ನೀವೇ ನೋಡಿ ತಿಳ್ಕೊಬೇಕು. ಮನೆಯವರನ್ನೂ ಕರ್ಕೊಂಡು ಹೋಗಿ.

ಇನ್ನೊಂದು ಎಲ್‌ಸಿಡಿ ಜಾತಿ. ಎಪ್ಸನ್‌ನ ಬಹುತೇಕ ಮಾಡೆಲ್‌ಗಳು ಇದೇ. ಬಣ್ಣ ಚೆನ್ನಾಗಿರುತ್ತೆ, ಕಾಮನಬಿಲ್ಲಿನ ಕಾಟ ಇಲ್ಲ. ಇದರ ಕಾಯಿಲೆ ಬೇರೆ. ಒಳಗಿನ ಪೋಲರೈಸರ್ ಅನ್ನೋ ಹಾಳೆ ಬಿಸಿಗೆ ಸುಟ್ಟರೆ ಬಿಳಿ ಚಿತ್ರದಲ್ಲಿ ಹಳದಿಯದೋ ನೀಲಿಯದೋ ದೊಡ್ಡ ಕಲೆ ಕಾಣುತ್ತೆ. ಧೂಳು ಒಳಗೆ ಕೂತಿದ್ದರೆ ಕಪ್ಪು ಚಿತ್ರದಲ್ಲಿ ಮಸುಕಾದ ಬಣ್ಣದ ಮಚ್ಚೆ. ಧೂಳು ಕ್ಲೀನ್ ಮಾಡಿಸಬಹುದು. ಸುಟ್ಟ ಕಲೆ ಇದ್ದರೆ ಬಿಟ್ಟುಬಿಡಿ.

ಅರ್ಧ ಗಂಟೆ ಓಡಿಸಿ ನೋಡಿ. ಐದು ನಿಮಿಷಕ್ಕೆ ಎಲ್ಲ ಮಿಷನ್ನೂ ಚೆನ್ನಾಗೇ ಓಡುತ್ತೆ. ಬಿಸಿಯಾದ ಮೇಲೆ ಆಫ್ ಆಗುತ್ತಾ, ಫ್ಯಾನ್ ಕರ್ಕಶವಾಗುತ್ತಾ, ನಾಲ್ಕೂ ಮೂಲೆ ಫೋಕಸ್ ನಿಲ್ಲುತ್ತಾ, ಇದನ್ನೆಲ್ಲ ಅರ್ಧ ಗಂಟೆ ಹೇಳುತ್ತೆ. ಹೊರಡೋ ಮುಂಚೆ ಆ ಮಾಡೆಲ್‌ಗೆ ಲ್ಯಾಂಪ್ ಈಗಲೂ ಸಿಗುತ್ತಾ, ಎಷ್ಟಾಗುತ್ತೆ ಅಂತ ಫೋನ್ ಮಾಡಿ ವಿಚಾರಿಸಿ. ಲ್ಯಾಂಪ್ ಸಿಗದ ಪ್ರೊಜೆಕ್ಟರ್ ಅಂದರೆ ಟೈರ್ ಸಿಗದ ಕಾರು.

ಆನ್‌ಲೈನ್‌ನಲ್ಲಿ ವ್ಯಕ್ತಿಯಿಂದ ಕೊಳ್ಳುವವರಿಗೆ ಒಂದು ಎಚ್ಚರಿಕೆ. 'ನಾನು ಸೇನೆಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟಾಗಿ ಕೊಡ್ತಿದ್ದೀನಿ, ಅಡ್ವಾನ್ಸ್ ಹಾಕಿ' ಅಂದರೆ ಫೋನ್ ಇಡಿ. ಸೈನಿಕರ ಮೇಲಿನ ನಮ್ಮ ಗೌರವವನ್ನೇ ಬಂಡವಾಳ ಮಾಡ್ಕೊಂಡ ಹಳೇ ವಂಚನೆ ಅದು. ವಸ್ತು ಕಣ್ಣಲ್ಲಿ ನೋಡದೆ, ಆನ್ ಮಾಡದೆ ಒಂದು ರೂಪಾಯಿ ಕೊಡಬೇಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ವಾಪಸ್ ಬರೋ ಆಸೆ ಕಡಿಮೆ.

ಮನೆ ಅಳೆಯದೆ ಮಿಷನ್ ತರಬೇಡಿ

ಮಾಡೆಲ್ ವಿವರದಲ್ಲಿ ಥ್ರೋ ರೇಷಿಯೋ ಅಂತ ಒಂದು ಸಂಖ್ಯೆ ಇರುತ್ತೆ. ಪರದೆ ಅಗಲವನ್ನ ಅದರಿಂದ ಗುಣಿಸಿದರೆ ಪ್ರೊಜೆಕ್ಟರ್ ಎಷ್ಟು ದೂರ ಇಡಬೇಕು ಅಂತ ಗೊತ್ತಾಗುತ್ತೆ. ನೂರು ಇಂಚಿಗೆ ಅಗಲ ಏಳೂಕಾಲು ಅಡಿ. ಥ್ರೋ ರೇಷಿಯೋ 1.5 ಆದರೆ ಸುಮಾರು 11 ಅಡಿ. 2 ಆದರೆ ಹದಿನಾಲ್ಕೂವರೆ ಅಡಿ. ನಿಮ್ಮ ಹಾಲು ಹತ್ತು ಅಡಿಯದ್ದಾದರೆ? ಎಂಬತ್ತು ಇಂಚಿಗೆ ಇಳೀರಿ. 1.5ರ ಮಿಷನ್‌ಗೆ ಒಂಬತ್ತು ಅಡಿ ಸಾಕು. ಶಾಲೆಗಳಿಂದ ಬರೋ ಶಾರ್ಟ್ ಥ್ರೋ ಮಿಷನ್ ಸಿಕ್ಕರೆ ನಾಲ್ಕು ಅಡಿಯಲ್ಲೇ ನೂರು ಇಂಚು ಬರುತ್ತೆ. ಸಣ್ಣ ಮನೆಗೆ ವರದಾನ ಅದು.

ಮಿಷನ್ ತರುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ಗೋಡೆ ಮೇಲೆ ಆ ಅಳತೆಗೆ ಪೇಪರ್ ಟೇಪ್ ಅಂಟಿಸಿ, ಪ್ರೊಜೆಕ್ಟರ್ ಇಡೋ ಜಾಗದಿಂದ ದಾರ ಎಳೆದು ನೋಡಿ. ಸೀಲಿಂಗ್ ಫ್ಯಾನ್ ರೆಕ್ಕೆ ಅಡ್ಡ ಬರುತ್ತಾ? ನಮ್ಮ ಮನೆಗಳ ದೊಡ್ಡ ಸಮಸ್ಯೆ ಇದೇ. ಮೇಲೆ ತೂಗುಹಾಕಿದ ಪ್ರೊಜೆಕ್ಟರ್‌ಗೂ ಗೋಡೆಗೂ ಮಧ್ಯೆ ಫ್ಯಾನ್ ತಿರುಗಿದರೆ ಸಿನಿಮಾ ಪೂರ್ತಿ ಮಿಣಮಿಣ ಅನ್ನುತ್ತೆ. ಫ್ಯಾನ್‌ಗಿಂತ ಕೆಳಗೆ, ತಲೆಗಿಂತ ಮೇಲೆ ಒಂದು ಗಟ್ಟಿ ಶೆಲ್ಫ್ ಹಾಕೋದು ಅಗ್ಗದ ದಾರಿ.

ಮಿಷನ್ ಪರದೆಗೆ ನೇರ ಎದುರು ಇರಬೇಕು. ಪಕ್ಕಕ್ಕಿಟ್ಟು ಕೀಸ್ಟೋನ್ ಬಟನ್ ಒತ್ತಿ ಚಿತ್ರ ಸರಿಮಾಡ್ತೀನಿ ಅನ್ನಬೇಡಿ. ಆ ಬಟನ್ ಚಿತ್ರವನ್ನ ಕತ್ತರಿಸಿ, ಕುಗ್ಗಿಸಿ ನೇರ ಮಾಡೋದು. ಸ್ಪಷ್ಟತೆ ಹೋಗುತ್ತೆ. ಮೊದಲೇ ಪಿಕ್ಸೆಲ್ ಕಡಿಮೆ ಇರೋ ಹಳೇ ಮಿಷನ್, ಅದರಲ್ಲೂ ಕಳಕೊಂಡ್ರೆ ಉಳಿಯೋದೇನು? ಸುತ್ತ ಒಂದು ಅಡಿಯಾದರೂ ಗಾಳಿಯಾಡಲು ಜಾಗ ಬಿಡಿ. ಅಡುಗೆಮನೆ ಒಗ್ಗರಣೆ ಹೊಗೆ, ದೇವರ ಮನೆ ಊದುಬತ್ತಿ ಹೊಗೆ ನೇರ ಬರೋ ಜಾಗ ಬೇಡ. ಎಣ್ಣೆ ಅಂಟಿನ ಮೇಲೆ ಧೂಳು ಕೂತರೆ ಮಿಷನ್ ಉಸಿರುಗಟ್ಟುತ್ತೆ.

ಪರದೆಗೆ ದುಡ್ಡು ಸುರೀಬೇಡಿ. ಗೋಡೆ ಸಮತಟ್ಟಾಗಿದ್ದರೆ ಹೊಳಪಿಲ್ಲದ ಬಿಳಿ ಮ್ಯಾಟ್ ಎಮಲ್ಷನ್ ಬಳಿಸಿ. ಹೊಳೆಯೋ ಪೇಂಟ್ ಬೇಡ, ಲ್ಯಾಂಪ್ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತೆ. ಬೆಡ್‌ಶೀಟ್ ಕಟ್ಟೋದು ಒಂದು ರಾತ್ರಿಗೆ ಸರಿ, ಆದರೆ ಅದರ ಹಿಂದೆ ಬೆಳಕು ಸೋರುತ್ತೆ, ಸುಕ್ಕು ಕಾಣುತ್ತೆ. ಚಿತ್ರದ ಸುತ್ತ ಮೂರು ಇಂಚಿನ ಕಪ್ಪು ಬಟ್ಟೆಯ ಅಂಚು ಕೊಡಿ. ಚಿತ್ರ ಎದ್ದು ನಿಲ್ಲುತ್ತೆ, ನೀವೇ ನೋಡಿ. ಕಿಟಕಿಗೆ ದಪ್ಪ ಬ್ಲ್ಯಾಕ್‌ಔಟ್ ಕರ್ಟನ್. ಬಾಗಿಲ ಕೆಳಗಿನ ಸಂದಿಗೆ ಒಂದು ಹಳೇ ಟವೆಲ್. ಕತ್ತಲೆ ಅಂದರೆ ಇಷ್ಟೇ ಖರ್ಚು.

ಕಣ್ಣಿಗಿಂತ ಕಿವಿ ಮುಖ್ಯ

ಪ್ರೊಜೆಕ್ಟರ್ ಒಳಗೊಂದು ಸ್ಪೀಕರ್ ಇರುತ್ತೆ. ಮೇಷ್ಟ್ರು ಪಾಠ ಮಾಡೋಕೆ ಸಾಕು, ಸಿನಿಮಾಗೆ ಸಾಲದು. ಅದೂ ಅಲ್ಲದೆ ಚಿತ್ರ ಮುಂದೆ, ಶಬ್ದ ತಲೆ ಹಿಂದೆ! ಥಿಯೇಟರ್‌ನಲ್ಲಿ ಪರದೆಗೆ ಸಣ್ಣ ಸಣ್ಣ ತೂತು ಮಾಡಿ ಅದರ ಹಿಂದೆಯೇ ಸ್ಪೀಕರ್ ಇಟ್ಟಿರ್ತಾರೆ. ಮಾತಾಡೋ ಬಾಯಿಯಿಂದಲೇ ಮಾತು ಬಂದ ಹಾಗೆ ಕೇಳಬೇಕು ಅಂತ. ನೀವೂ ಸ್ಪೀಕರನ್ನ ಪರದೆ ಕೆಳಗೋ ಎಡಬಲಕ್ಕೋ ಇಡಿ.

ಹೊಸದು ತರೋದೇನೂ ಬೇಡ. ಎಷ್ಟೋ ಮನೆಗಳ ಅಟ್ಟದಲ್ಲಿ ಹಳೇ ಹೋಂ ಥಿಯೇಟರ್ ಸೆಟ್, ಮ್ಯೂಸಿಕ್ ಸಿಸ್ಟಮ್ ಬಿದ್ದಿರುತ್ತೆ. ಕೆಂಪು ಬಿಳಿ ಪಿನ್ ಹಾಕೋ ಜಾಗ ಇದ್ದರೆ ಸಾಕು, ಪ್ರೊಜೆಕ್ಟರ್‌ನ ಆಡಿಯೋ ಔಟ್‌ನಿಂದ ತಂತಿ ಎಳೆದುಬಿಡಿ. ಬ್ಲೂಟೂತ್ ಹಾಕಿದ್ರೆ ತಂತಿ ಉಳಿಯುತ್ತೆ, ಆದರೆ ತುಟಿ ಅಲ್ಲಾಡಿದ ಮೇಲೆ ಮಾತು ಬರೋ ಸಾಧ್ಯತೆ ಇದೆ. ನಮ್ಮ ಹಳೇ ಡಬ್ಬಿಂಗ್ ಸಿನಿಮಾ ಹಾಗೆ.

ಸಿನಿಮಾ ಎಲ್ಲಿಂದ ಬರುತ್ತೆ? ಒಟಿಟಿ ಸ್ಟಿಕ್, ಸೆಟ್ ಟಾಪ್ ಬಾಕ್ಸ್, ಲ್ಯಾಪ್‌ಟಾಪ್, ಯಾವುದಾದರೂ ಸರಿ. ಒಂದು ವಿಷಯ ಮಾತ್ರ ಖಾತ್ರಿ ಮಾಡ್ಕೊಳ್ಳಿ, ಪ್ರೊಜೆಕ್ಟರ್‌ನಲ್ಲಿ ಎಚ್‌ಡಿಎಂಐ ಇರಬೇಕು. ಬರೀ ವಿಜಿಎ ಇರೋ ಹಳೇ ಮಿಷನ್ ಮೂರು ಸಾವಿರಕ್ಕೆ ಸಿಗುತ್ತೆ, ಕನ್ವರ್ಟರ್ ಹಾಕಿದ್ರೆ ಆಯ್ತು ಅಂತಾರೆ. ಒಟಿಟಿ ಕಂಪನಿಗಳು ಕಾಪಿ ತಡೆಯೋಕೆ ಒಂದು ಬೀಗ ಹಾಕಿರ್ತಾರೆ, ಎಚ್‌ಡಿಸಿಪಿ ಅಂತ. ಕನ್ವರ್ಟರ್ ಮೂಲಕ ಹೋದರೆ ಆ ಬೀಗ ತೆರೆಯದೆ ಶಬ್ದ ಮಾತ್ರ ಬಂದು ಪರದೆ ಕಪ್ಪಾಗಿ ಕೂತುಬಿಡಬಹುದು.

ಲ್ಯಾಂಪ್ ಉಳಿದರೆ ದುಡ್ಡು ಉಳಿಯಿತು

ಈ ಲ್ಯಾಂಪ್ ವಿಪರೀತ ಬಿಸಿಯಾಗುತ್ತೆ. ಆಫ್ ಮಾಡಿದ ಮೇಲೂ ಒಂದೆರಡು ನಿಮಿಷ ಫ್ಯಾನ್ ಓಡ್ತಿರುತ್ತೆ, ಅದು ತಣಿಯೋ ಸಮಯ. ಮಕ್ಕಳು ಓಡಿಬಂದು ಸ್ವಿಚ್ ಕಿತ್ತರೆ ಲ್ಯಾಂಪ್ ಆಯಸ್ಸು ಕಿತ್ತ ಹಾಗೆ. ಕರೆಂಟ್ ಪದೇ ಪದೇ ಹೋಗೋ ಊರಾದರೆ? ಕಂಪ್ಯೂಟರ್‌ಗೆ ಹಾಕೋ ಚಿಕ್ಕ ಯುಪಿಎಸ್ ಇಡಿ. ಸಿನಿಮಾ ಪೂರ್ತಿ ಓಡಿಸೋಕಲ್ಲ, ಆಫ್ ಮಾಡಿ ತಣಿಸೋಕೆ. ಪ್ರೊಜೆಕ್ಟರ್ ಮೇಲೆ ಬರೆದಿರೋ ವ್ಯಾಟ್‌ಗಿಂತ ಯುಪಿಎಸ್ ವ್ಯಾಟ್ ಜಾಸ್ತಿ ಇರಲಿ.

ಇಕೋ ಮೋಡ್‌ನಲ್ಲೇ ಓಡಿಸಿ. ಬೆಳಕು ಸ್ವಲ್ಪ ಕಡಿಮೆ, ಶಬ್ದ ಕಡಿಮೆ, ಲ್ಯಾಂಪ್ ಬಾಳಿಕೆ ಜಾಸ್ತಿ. ಕತ್ತಲೆ ಮಾಡಿದವರಿಗೆ ಇಕೋ ಮೋಡ್ ಸಾಕು, ಮೊದಲು ಹಾಕಿದ ಲೆಕ್ಕ ನೆನಪಿಸಿಕೊಳ್ಳಿ. ವಾರಕ್ಕೆ ಎರಡು ಸಿನಿಮಾ ಅಂದರೆ ಐದು ಗಂಟೆ. ವರ್ಷಕ್ಕೆ 260 ಗಂಟೆ. ಸಾವಿರ ಗಂಟೆ ಬಾಕಿ ಇರೋ ಲ್ಯಾಂಪ್ ನಿಮಗೆ ಮೂರೂಮುಕ್ಕಾಲು ವರ್ಷ ಬರುತ್ತೆ. ಕರೆಂಟ್ ಬಿಲ್ ಭಯ ಬೇಡ. 280 ವ್ಯಾಟ್ ಮಿಷನ್‌ನಲ್ಲಿ ಎರಡೂವರೆ ಗಂಟೆ ಸಿನಿಮಾಗೆ ಖರ್ಚಾಗೋದು 0.7 ಯೂನಿಟ್.

ಒಂದು ಗಂಭೀರ ವಿಷಯ. ಈ ಲ್ಯಾಂಪ್‌ಗಳಲ್ಲಿ ಪಾದರಸ ಇದೆ. ಲ್ಯಾಂಪ್ 'ಟಪ್' ಅಂತ ಒಡೆದರೆ ಮಕ್ಕಳನ್ನ ಮೊದಲು ಹೊರಗೆ ಕಳಿಸಿ, ಪ್ಲಗ್ ತೆಗೆದು, ಕಿಟಕಿ ಎಲ್ಲ ತೆರೆದು ನೀವೂ ಹೊರಗೆ ಬನ್ನಿ. ಅರ್ಧ ಗಂಟೆ ಒಳಗೆ ಹೋಗಬೇಡಿ. ವ್ಯಾಕ್ಯೂಮ್ ಕ್ಲೀನರ್, ಪೊರಕೆ ಹಾಕಬೇಡಿ, ಪುಡಿ ಗಾಳಿಗೆ ಹಾರುತ್ತೆ. ಸತ್ತ ಲ್ಯಾಂಪನ್ನ ಕಸದ ಗಾಡಿಗೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಹೋಗುತ್ತೆ. ಇ-ತ್ಯಾಜ್ಯ ತಗೊಳ್ಳೋ ಕೇಂದ್ರಕ್ಕೆ ಕೊಡಿ. ಮಕ್ಕಳು ಲೆನ್ಸ್‌ನೊಳಗೆ ಇಣುಕದ ಹಾಗೆ ನೋಡಿಕೊಳ್ಳೋದೂ ನಿಮ್ಮ ಜವಾಬ್ದಾರಿ.

ಇನ್ನು ದುಡ್ಡಿನ ಲೆಕ್ಕ. ಪ್ರೊಜೆಕ್ಟರ್‌ಗೆ 10 ಸಾವಿರ. ಕರ್ಟನ್‌ಗೆ ಎರಡೂವರೆ ಸಾವಿರ. ಪೇಂಟು, ಕಪ್ಪು ಬಟ್ಟೆಗೆ ಒಂದು ಸಾವಿರ. ಹಳೇ ಸ್ಪೀಕರ್ ಸೆಟ್‌ಗೆ 3 ಸಾವಿರ. ಒಟಿಟಿ ಸ್ಟಿಕ್‌ಗೆ 3 ಸಾವಿರ. ಕೇಬಲ್, ಶೆಲ್ಫ್‌ಗೆ ಒಂದೂವರೆ ಸಾವಿರ. ಉಳಿದ 4 ಸಾವಿರ ಮುಟ್ಟಬೇಡಿ, ಅದು ಮುಂದಿನ ಲ್ಯಾಂಪ್‌ಗೆ. ಒಟ್ಟು 25 ಸಾವಿರ. ಇದು ಅಂದಾಜು, ನಿಮ್ಮೂರಲ್ಲಿ ಆಚೀಚೆ ಆಗಬಹುದು. ಯುಪಿಎಸ್ ಬೇಕಾದರೆ ಅದು ಬೇರೆ. ಆದರೆ ಲ್ಯಾಂಪ್ ದುಡ್ಡು ಎತ್ತಿಡದೆ ಪೂರ್ತಿ 25 ಸಾವಿರವನ್ನೂ ಮಿಷನ್‌ಗೇ ಸುರಿದವರ ಪ್ರೊಜೆಕ್ಟರ್ ಎರಡನೇ ವರ್ಷ ಅಟ್ಟ ಸೇರುತ್ತೆ.

ಕೊನೆಯದಾಗಿ ಕಾನೂನಿನ ಮಾತು. ಮನೆಯವರು, ನೆಂಟರು ಕೂತು ನೋಡಿದರೆ ಯಾರ ತಕರಾರೂ ಇಲ್ಲ. ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ತಲೆಗೆ ಐವತ್ತು ರೂಪಾಯಿ ಅಂತ ಟಿಕೆಟ್ ಇಟ್ಟರೆ ಕಥೆ ಬೇರೆ. ಅದು ಸಾರ್ವಜನಿಕ ಪ್ರದರ್ಶನ. 1957ರ ಕೃತಿಸ್ವಾಮ್ಯ ಕಾಯ್ದೆ ಇದೆ, 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಇದೆ. ಒಟಿಟಿ ಚಂದಾ ಕಟ್ಟಿದ ಮಾತ್ರಕ್ಕೆ ನೀವು ಟಾಕೀಸ್ ಮಾಲೀಕರಾಗಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ಒಂದು ದೊಡ್ಡ ಟಿವಿ ಕಂತಿನಲ್ಲಿ ತಂದುಬಿಡೋಣ ಅನ್ನಿಸಬಹುದು. ತನ್ನಿ, ಬೇಡ ಅನ್ನಲ್ಲ. ಆದರೆ ಒಂದು ಯೋಚಿಸಿ. ಇವತ್ತು ಒಂದೇ ಮನೆಯಲ್ಲಿ ನಾಲ್ಕು ಜನ ನಾಲ್ಕು ಮೊಬೈಲ್ ಹಿಡಿದು ನಾಲ್ಕು ಮೂಲೆಯಲ್ಲಿ ಕೂತಿರ್ತಾರೆ. ಪ್ರೊಜೆಕ್ಟರ್ ಹಾಕಬೇಕಾದರೆ ಲೈಟ್ ಆರಿಸಬೇಕು. ಮೊಬೈಲ್ ಬೆಳಕೂ ಅಡ್ಡ ಬರುತ್ತೆ, ಅದನ್ನೂ ಕೆಳಗಿಡಬೇಕು. ಎಲ್ಲರೂ ಒಂದೇ ಗೋಡೆ ಕಡೆ ಮುಖ ಮಾಡಬೇಕು. ವಾರಕ್ಕೆ ಎರಡೂವರೆ ಗಂಟೆ ಇಡೀ ಮನೆ ಒಂದೇ ಕತ್ತಲಲ್ಲಿ ಕೂತು ಒಂದೇ ಕಥೆಗೆ ನಗೋದು, ಅಳೋದು ಇದೆಯಲ್ಲ, ಅದನ್ನ ಯಾವ ಶೋರೂಮಿನವನೂ ಕಂತಿನಲ್ಲಿ ಕೊಡಲ್ಲ.

ಅದಕ್ಕೆ ಈ ವಾರವೇ ಮಿಷನ್ ತರಬೇಡಿ. ಮೊದಲು ಕರ್ಟನ್ ಹಾಕಿ, ಲೈಟ್ ಆರಿಸಿ, ರಾತ್ರಿ ಎಂಟಕ್ಕೆ ನಿಮ್ಮ ಹಾಲ್‌ನಲ್ಲಿ ನಿಂತು ಕೈ ಚಾಚಿ ನೋಡಿ. ನಿಮ್ಮ ಬೆರಳು ನಿಮಗೆ ಸರಿಯಾಗಿ ಕಾಣದಿದ್ದರೆ, ಆಗ ಎಸ್‌ಪಿ ರೋಡ್‌ಗೆ ಹೊರಡಿ.